ಬಜ್ಪೆಯಿಂದ ಹೊರಟು ನಾಲ್ಕೈದು ದೇಶ: ಮೊದಲು ಗಡಿಗಳ ಲೆಕ್ಕ ಹಾಕಿ

ಫಾರಿನ್ ಟೂರ್ ಎಂದ ಕೂಡಲೇ ಎಲ್ಲರೂ ನೋಡಬೇಕಾದ ಜಾಗಗಳ ಪಟ್ಟಿ ಬರೆಯಲು ಕೂರುತ್ತಾರೆ. ಅದನ್ನು ಆಮೇಲೆ ಬರೆದರೂ ಆಗುತ್ತದೆ. ಮೊದಲು ಒಂದು ಹಾಳೆಯಲ್ಲಿ ನೀವು ದಾಟುವ ಗಡಿಗಳನ್ನು ಬರೆಯಿರಿ, ಬಜ್ಪೆಯಲ್ಲಿ, ಅಂದರೆ ಮಂಗಳೂರು ವಿಮಾನ ನಿಲ್ದಾಣದಲ್ಲಿ, ವಿಮಾನ ಹತ್ತುವಲ್ಲಿಂದ ತಿರುಗಿ ಬಜ್ಪೆಯಲ್ಲಿ ಇಳಿಯುವವರೆಗೆ, ನಡುವೆ ವಿಮಾನ ಬದಲಿಸಲು ಮೂರು ತಾಸು ಕೂರುವ ಊರನ್ನೂ ಸೇರಿಸಿ. ಒಂದೊಂದರ ಎದುರು ಮೂರು ವಿಷಯ ಸಾಕು: ವೀಸಾ ಬೇಕಾ, ಎಷ್ಟು ಸಲ ಒಳಗೆ ಬಿಡುತ್ತಾರೆ, ಬ್ಯಾಗಿನಲ್ಲಿ ಏನು ತರಬಾರದು. ಒಂದೇ ದೇಶಕ್ಕೆ ಹೋಗಿ ಬರುವವರಿಗೆ ಇದು ದೊಡ್ಡ ತಲೆಬಿಸಿ ಅಲ್ಲ. ನಾಲ್ಕೈದು ದೇಶ ಎಂದರೆ ಜನ ಸಿಕ್ಕಿಬೀಳುವುದೇ ಈ ಗಡಿಗಳಲ್ಲಿ.

ಪಾಸ್‌ಪೋರ್ಟ್ ತೆಗೆದು ಅವಧಿ ನೋಡಿ. ಕೊನೆಯ ದೇಶದಿಂದ ಹೊರಡುವ ದಿನದ ನಂತರವೂ 6 ತಿಂಗಳು ಉಳಿದಿರಲಿ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಶೆಂಗೆನ್ ದೇಶಗಳಿಗೆ 3 ತಿಂಗಳು ಸಾಕು, ಆದರೆ ಏಷ್ಯಾದ ಹಲವು ದೇಶಗಳು 6 ಕೇಳುತ್ತವೆ. ಖಾಲಿ ಪುಟಗಳೂ ಬೇಕು. ಇನ್ನೊಂದು, ಹೆಸರು. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರು ಇರುವವರು ನಮ್ಮ ಕಡೆ ಇದ್ದಾರೆ, ಸರ್‌ನೇಮ್ ಜಾಗ ಖಾಲಿ. ಇಂಥ ಪಾಸ್‌ಪೋರ್ಟಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಕೊಡುವುದಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು, ಆಮೇಲೆ ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಆಗಬಹುದು ಎಂದಿತು. ದುಬೈ ಮೇಲೆ ಹೋಗುವವರು ಟಿಕೆಟ್ ಮಾಡುವ ಮೊದಲೇ ಇದನ್ನು ವಿಚಾರಿಸಿಕೊಳ್ಳಿ.

ಈಗ ವೀಸಾ. ಯುರೋಪಿನಲ್ಲಿ 29 ದೇಶಗಳಿಗೆ ಒಂದೇ ಶೆಂಗೆನ್ ವೀಸಾ ನಡೆಯುತ್ತದೆ. ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ, ಅದೂ ಎಲ್ಲ ದೇಶ ಸೇರಿ, ಒಂದೊಂದಕ್ಕೆ 90 ಅಲ್ಲ. ಅರ್ಜಿ ಯಾವ ದೇಶಕ್ಕೆ ಹಾಕಬೇಕು ಎನ್ನುವುದು ನಿಮ್ಮ ಇಷ್ಟ ಅಲ್ಲ. ಪ್ಯಾರಿಸ್ ಮೂರು ದಿನ, ಸ್ವಿಟ್ಜರ್ಲೆಂಡ್ ಐದು ದಿನ, ಇಟಲಿ ಮೂರು ದಿನ ಎಂದಾದರೆ ಸ್ವಿಟ್ಜರ್ಲೆಂಡಿಗೇ ಹಾಕಬೇಕು. ಎಲ್ಲ ಕಡೆ ಸಮ ದಿನ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. "ಇಂಥ ದೇಶದ್ದು ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆ, ಅದಕ್ಕೇ ಹಾಕುವ" ಎನ್ನುವ ಏಜೆಂಟರಿದ್ದಾರೆ, ಅವರ ಮಾತು ಕೇಳಬೇಡಿ. ಹೋಟೆಲ್ ಬುಕಿಂಗ್ ಒಂದು ಹೇಳಿ ಅರ್ಜಿ ಇನ್ನೊಂದು ಹೇಳಿದರೆ ತಿರಸ್ಕಾರ ಆಗಬಹುದು, ಕಟ್ಟಿದ ಫೀ ವಾಪಸ್ ಬರುವುದಿಲ್ಲ. ಫೀ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ಕನಿಷ್ಠ 30,000 ಯೂರೋ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಹೊರಡುವ 6 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಬೆರಳಚ್ಚು ಕೊಡಲು ಬೆಂಗಳೂರಿಗೆ ಒಂದು ಓಡಾಟ ಇದ್ದೇ ಇದೆ, ಆದರೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ. ಶಾಲೆಗೆ ರಜೆ ಎಂದು ಮೇ ತಿಂಗಳಲ್ಲಿ ಹೋಗುವವರು ಫೆಬ್ರವರಿಯೊಳಗೆ ಈ ಕೆಲಸ ಮುಗಿಸಿ.

ಎಷ್ಟು ಸಲ ಒಳಗೆ ಎನ್ನುವುದನ್ನು ಜನ ನೋಡುವುದೇ ಇಲ್ಲ. ಪ್ಯಾರಿಸ್‌ನಿಂದ ರೈಲಿನಲ್ಲಿ ಲಂಡನ್ ನೋಡಿ ಆಮ್‌ಸ್ಟರ್‌ಡ್ಯಾಮಿಗೆ ಬರುವ ಪ್ಲಾನ್ ಚಂದ ಕಾಣುತ್ತದೆ, ಅಲ್ವಾ? ಆದರೆ ಬ್ರಿಟನ್ ಶೆಂಗೆನ್ ಅಲ್ಲ, ಅದಕ್ಕೆ ಬೇರೆ ವೀಸಾ ಬೇಕು. ಸಾಲದ್ದಕ್ಕೆ ಲಂಡನ್ನಿಗೆ ಹೋದ ಕೂಡಲೇ ನೀವು ಶೆಂಗೆನ್ ಬಿಟ್ಟು ಹೊರಬಂದಂತೆ. ವೀಸಾದಲ್ಲಿ ಸಿಂಗಲ್ ಎಂಟ್ರಿ ಇದ್ದರೆ ಆಮ್‌ಸ್ಟರ್‌ಡ್ಯಾಮಿನ ಆಸೆ ಬಿಡಬೇಕಷ್ಟೆ. ವಿಯೆಟ್ನಾಂ ಇ-ವೀಸಾದಲ್ಲೂ ಇದೇ ಕತೆ: ಹನೋಯ್ ನೋಡಿ, ಆಂಗ್ಕೋರ್ ವಾಟ್‌ಗೆಂದು ಕಾಂಬೋಡಿಯಾಕ್ಕೆ ಹೋಗಿ, ಮತ್ತೆ ವಿಯೆಟ್ನಾಂನಿಂದಲೇ ಊರಿಗೆ ಮರಳುವುದಾದರೆ ಮಲ್ಟಿಪಲ್ ಎಂಟ್ರಿಯೇ ಬೇಕು. ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್ ಮೂರಕ್ಕೂ ತಲುಪುವ ಮೊದಲಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಸರ್ಕಾರಿ ಸೈಟಿನಲ್ಲಿ ಅದು ಪುಕ್ಕಟೆ. ದುಡ್ಡು ಕೇಳಿದರೆ ನೀವು ತಪ್ಪು ಸೈಟಿನಲ್ಲಿದ್ದೀರಿ. ಇಂಥ ನಿಯಮಗಳು ಆಗಾಗ ಬದಲಾಗುತ್ತವೆ, ಹೊರಡುವ ವಾರ ಇನ್ನೊಮ್ಮೆ ನೋಡಿ.

ಮಂಗಳೂರಿನವರಿಗೆ ಇನ್ನೊಂದು ವಿಷಯ ವಿಶೇಷವಾಗಿ ಹೇಳಬೇಕು. ಬಜ್ಪೆಯಿಂದ ಹೊರಡುವ ಅಂತರರಾಷ್ಟ್ರೀಯ ವಿಮಾನಗಳು ಹೆಚ್ಚಾಗಿ ಗಲ್ಫ್‌ಗೆ. ಹಾಗಾಗಿ "ದುಬೈಗೆ ಒಂದು ಟಿಕೆಟ್, ಅಲ್ಲಿಂದ ಯುರೋಪಿಗೆ ಬೇರೆ ಕಂಪನಿಯ ಅಗ್ಗದ ಟಿಕೆಟ್" ಎಂಬ ಲೆಕ್ಕ ಎಲ್ಲರಿಗೂ ಹೊಳೆಯುತ್ತದೆ. ಎರಡು ಟಿಕೆಟ್ ಬೇರೆ ಬೇರೆ ಆದರೆ ಸಾಮಾನ್ಯವಾಗಿ ಬ್ಯಾಗು ತಾನಾಗಿ ಮುಂದಿನ ವಿಮಾನಕ್ಕೆ ಹೋಗುವುದಿಲ್ಲ. ನೀವೇ ಇಮಿಗ್ರೇಶನ್ ದಾಟಿ ಹೊರಬಂದು, ಬ್ಯಾಗ್ ತೆಗೆದುಕೊಂಡು, ಬಹುಶಃ ಬೇರೆ ಟರ್ಮಿನಲಿಗೆ ಹೋಗಿ ಮತ್ತೆ ಚೆಕ್-ಇನ್ ಮಾಡಬೇಕು. ಹೊರಬರಲು ಯುಎಇ ವೀಸಾ ಬೇಕು. ಮೊದಲ ವಿಮಾನ ತಡವಾದರೆ ಎರಡನೇ ಕಂಪನಿ ಹೊಣೆ ಅಲ್ಲ. ಒಂದೇ ಪಿಎನ್‌ಆರ್‌ನಲ್ಲಿ ಎರಡೂ ವಿಮಾನ ಬರುವ ಟಿಕೆಟ್ ಸ್ವಲ್ಪ ಜಾಸ್ತಿ ಆದರೂ ಅದನ್ನೇ ತೆಗೆಯಿರಿ. ದುಬೈಯಲ್ಲಿ ಅಕ್ಕ ಭಾವ ಇದ್ದಾರೆ, ಎರಡು ದಿನ ಉಳಿದೇ ಹೋಗುವುದು ಎಂದಾದರೆ ಆ ಮಾತು ಬೇರೆ, ವೀಸಾ ಮಾಡಿಸಿ ಆರಾಮಾಗಿ ಹೋಗಿ.

ಬ್ಯಾಗಿನ ವಿಷಯಕ್ಕೆ ಬರುವ. ಕರಾವಳಿಯವರ ಬ್ಯಾಗು ಎಂದರೆ ಅರ್ಧ ಬಟ್ಟೆ, ಅರ್ಧ ತಿಂಡಿ. ಕೋರಿರೊಟ್ಟಿ, ಹಪ್ಪಳ, ಚಟ್ನಿಪುಡಿಗೆ ಹೆಚ್ಚಿನ ಕಡೆ ತೊಂದರೆ ಇಲ್ಲ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದೊಡ್ಡ ಬ್ಯಾಗಿಗೆ ಹಾಕಿ. ಇಡೀ ಕೊಬ್ಬರಿ ಬೇಡವೇ ಬೇಡ, ಅದರ ಎಣ್ಣೆಗೆ ಬೆಂಕಿ ಹೊತ್ತಿಕೊಳ್ಳುವ ಗುಣ ಇದೆ ಎಂದು ವಿಮಾನ ಕಂಪನಿಗಳು ತಡೆಯುತ್ತವೆ. ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ತರುವಂತಿಲ್ಲ. ಅಂದರೆ ಮನೆಯ ತುಪ್ಪವೂ ಇಲ್ಲ, ಪೇಡೆಯೂ ಇಲ್ಲ. ಮೀನಿಗೆ ಮಾತ್ರ 20 ಕೆಜಿವರೆಗೆ ಬಿಡುತ್ತಾರೆ, ಒಣಮೀನು ಪ್ರಿಯರು ಖುಷಿಪಡಿ, ಆದರೆ ಪಕ್ಕದ ಸೀಟಿನವರ ಮೇಲೆ ಕರುಣೆ ಇಟ್ಟು ಗಟ್ಟಿ ಪ್ಯಾಕ್ ಮಾಡಿ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಕೇಳುತ್ತಾರೆ. ತಮಾಷೆ ಎಂದರೆ ತೆಂಗಿನಕಾಯಿ, ಬಾಳೆಹಣ್ಣಿಗೆ ಅದು ಬೇಡ.

ಗಲ್ಫ್‌ನಲ್ಲಿ ಪಟ್ಟಿಯೇ ಬೇರೆ. ಗಸಗಸೆ ಅಲ್ಲಿ ಮಾದಕ ವಸ್ತುವಿನ ಲೆಕ್ಕ, ಜೈಲಿನ ವಿಷಯ. ಮನೆಯಲ್ಲಿ ಹುರಿದು ಮಾಡಿದ ಮಸಾಲೆ ಪುಡಿಗೆ ಗಸಗಸೆ ಹಾಕಿದ್ದಾರಾ ಎಂದು ಅಮ್ಮನನ್ನು ಕೇಳಿಯೇ ತೆಗೆದುಕೊಳ್ಳಿ. ದುಬೈಗೆ ವೀಳ್ಯದೆಲೆ ಕೂಡ ನಿಷಿದ್ಧ. ಎಲೆ ಅಡಿಕೆ ಇಲ್ಲದೆ ಆಗದ ಅಜ್ಜ ಜೊತೆಯಲ್ಲಿದ್ದರೆ ಅವರ ಸಂಚಿಯನ್ನು ಮನೆಯಲ್ಲೇ ಇಡಿಸಿ. ಕೊಡೀನ್, ಟ್ರಮಡಾಲ್ ಇರುವ ಕೆಮ್ಮಿನ ಸಿರಪ್, ನೋವಿನ ಮಾತ್ರೆಗಳಿಗೆ ಮೊದಲೇ ಅನುಮತಿ ಬೇಕು. ಬೇರೆ ಮದ್ದುಗಳನ್ನು ಸ್ಟ್ರಿಪ್ ಸಮೇತ, ಡಾಕ್ಟರ ಚೀಟಿಯೊಂದಿಗೆ ಇಟ್ಟುಕೊಳ್ಳಿ. ಯಾರೋ ಪರಿಚಯದವರು "ನಮ್ಮ ಹುಡುಗನಿಗೆ ಇಷ್ಟು ತಲುಪಿಸಿ ಮಾರಾಯ್ರೆ" ಎಂದು ಕೊಡುವ ಕಟ್ಟನ್ನು ಬಿಚ್ಚಿ ನೋಡದೆ ಒಯ್ಯಬೇಡಿ, ದಾಕ್ಷಿಣ್ಯ ಬೇಡ.

ದುಡ್ಡು. ಬ್ಯಾಂಕ್ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಮೊದಲೇ ಆನ್ ಆಗಿರುವುದಿಲ್ಲ, ಆ್ಯಪಿನಲ್ಲಿ ನೀವೇ ಆನ್ ಮಾಡಬೇಕು. ಅಂಗಡಿಯವರು ಮೆಷಿನ್ ತೋರಿಸಿ "ರೂಪಾಯಿಯಲ್ಲಾ, ಇಲ್ಲಿನ ಕರೆನ್ಸಿಯಲ್ಲಾ" ಎಂದು ಕೇಳಿದರೆ ಯಾವತ್ತೂ ಅಲ್ಲಿನ ಕರೆನ್ಸಿ ಒತ್ತಿ. ರೂಪಾಯಿ ಎಂದರೆ ಅವರ ದರದಲ್ಲಿ ಕತ್ತರಿಸುತ್ತಾರೆ. ವೀಸಾ ಒಂದೇ ಎಂದು ದುಡ್ಡೂ ಒಂದೇ ಅಲ್ಲ. ಸ್ವಿಟ್ಜರ್ಲೆಂಡಿನದು ಫ್ರಾಂಕ್, ಚೆಕ್ ಗಣರಾಜ್ಯದ್ದು ಕೊರುನಾ. ಎಲ್ಲದಕ್ಕೂ ನೋಟು ಬದಲಿಸುತ್ತಾ ಹೋದರೆ ಪ್ರತಿ ಸಲ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತೀರಿ. ಮಂಗಳೂರಿನಲ್ಲೇ ಎರಡು ಮೂರು ಮನಿ ಎಕ್ಸ್‌ಚೇಂಜ್‌ನಲ್ಲಿ ದರ ಕೇಳಿ ಸ್ವಲ್ಪ ಯೂರೋ ಅಥವಾ ಡಾಲರ್ ನಗದು ತೆಗೆದುಕೊಂಡು, ಉಳಿದದ್ದು ಎರಡು ಕಾರ್ಡುಗಳಲ್ಲಿ, ಎರಡೂ ಬೇರೆ ಬೇರೆ ಕಡೆ ಇಟ್ಟು ಹೋಗಿ.

ಊರಿನ ಸಿಮ್ ಸತ್ತುಹೋಗಲು ಬಿಡಬೇಡಿ, ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು. ಇಂಟರ್‌ನೆಟ್‌ಗೆ ಹಲವು ದೇಶಗಳಲ್ಲಿ ನಡೆಯುವ ಇ-ಸಿಮ್ ಹಾಕಿ. ಪ್ಲಗ್: ಯುರೋಪಿನಲ್ಲಿ ಎರಡು ದುಂಡು ಪಿನ್, ಬ್ರಿಟನ್, ದುಬೈ, ಸಿಂಗಾಪುರ, ಮಲೇಷ್ಯಾದಲ್ಲಿ ಮೂರು ಚಪ್ಪಟೆ ಪಿನ್. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಜೂನ್, ಜುಲೈಯಲ್ಲಿ ಬೆಂಗಳೂರಿನಿಂದ ವಿಮಾನ ಇದ್ದರೆ ಅದೇ ದಿನ ಬೆಳಿಗ್ಗೆ ಉಡುಪಿಯಿಂದ ಹೊರಡುವ ಧೈರ್ಯ ಬೇಡ. ಶಿರಾಡಿಯಲ್ಲಿ ಗುಡ್ಡ ಜರಿದರೆ ಬಸ್ಸು ಸುತ್ತು ಹಾಕುತ್ತದೆ. ಬಜ್ಪೆಯಲ್ಲೂ ಮಳೆ, ಮೋಡ ಹೆಚ್ಚಾದರೆ ವಿಮಾನ ಬೇರೆ ಊರಿಗೆ ತಿರುಗುವುದುಂಟು. ಹಿಂದಿನ ದಿನವೇ ಬೆಂಗಳೂರು ಸೇರಿಕೊಳ್ಳಿ.

ಪಾಸ್‌ಪೋರ್ಟ್, ವೀಸಾ ಪುಟಗಳ ಫೋಟೊ ಫೋನಿನಲ್ಲೂ ಇರಲಿ, ಮನೆಯವರ ಹತ್ತಿರವೂ ಇರಲಿ. ಪಾಸ್‌ಪೋರ್ಟ್ ಕಳೆದುಹೋದರೆ ಮೊದಲು ಅಲ್ಲಿನ ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿ ತೆಗೆದುಕೊಳ್ಳಿ, ಆಮೇಲೆ ಭಾರತದ ರಾಯಭಾರ ಕಚೇರಿ. ಅವರು ತುರ್ತಿಗೆ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಊರಿಗೆ ಮರಳಲು ಮಾತ್ರ, ಅದನ್ನು ಹಿಡಿದು ಮುಂದಿನ ದೇಶಕ್ಕೆ ಹೋಗಲು ಆಗುವುದಿಲ್ಲ. ಹಾಗಾಗಿ ಉಳಿದ ಹೋಟೆಲ್, ರೈಲು ಬುಕಿಂಗ್‌ಗಳನ್ನು ಅದೇ ದಿನ ರದ್ದು ಮಾಡಿ, ಇನ್ಶೂರೆನ್ಸ್ ಕಂಪನಿಗೂ ಅದೇ ದಿನ ಫೋನ್ ಮಾಡಿ.