ಡಿಕಾಕ್ಷನ್ ಇಳಿಯುವ ಹೊತ್ತು

ಲೆಕ್ಕಪತ್ರದ ಕೆಲಸದಲ್ಲಿರುವವರಿಗೆ ಮಾರ್ಚ್ ತಿಂಗಳು ಎಂಥದೆಂದು ವಿವರಿಸಬೇಕಾಗಿಲ್ಲ. 2023ರ ಮಾರ್ಚ್ ಮುಗಿದು ಕಚೇರಿಯ ಲೆಕ್ಕಗಳೆಲ್ಲ ತಾಳೆಯಾದ ಮೇಲೂ ನನ್ನ ಮನಸ್ಸು ಮಾತ್ರ ಲೆಕ್ಕ ಹಾಕುವುದನ್ನು ನಿಲ್ಲಿಸಲಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮಗನ ಕಾಲೇಜಿನ ಶುಲ್ಕ, ಅತ್ತೆಯವರ ಮಾತ್ರೆ, ಬೆಳಿಗ್ಗೆ ಮೇಲಧಿಕಾರಿಗೆ ಹೇಳಬೇಕಾದ ಉತ್ತರ ಎಲ್ಲವೂ ಒಂದರ ಹಿಂದೊಂದು ಬಂದು, ಬೆಳಕು ಹರಿಯುವವರೆಗೆ ಎದೆ ಬಿಗಿದುಕೊಂಡೇ ಇರುತ್ತಿತ್ತು. ವೈದ್ಯರು ಪರೀಕ್ಷಿಸಿ, ಹೃದಯಕ್ಕೇನೂ ತೊಂದರೆಯಿಲ್ಲ, ಸ್ವಲ್ಪ ಧ್ಯಾನ ರೂಢಿಸಿಕೊಳ್ಳಿ ಎಂದರು.

ಬೆಳಿಗ್ಗೆ ಐದಕ್ಕೆ ಎದ್ದು, ಅರ್ಧ ಗಂಟೆ ಕಣ್ಣು ಮುಚ್ಚಿ ಕುಳಿತು, ಮನಸ್ಸನ್ನು ಖಾಲಿ ಮಾಡಲು ಹೊರಟೆ. ಮೊದಲೇ ತುಂಬಿದ್ದ ದಿನಕ್ಕೆ ಇನ್ನೊಂದು ಕೆಲಸ ಸೇರಿತು, ಆ ಕೆಲಸದಲ್ಲೂ ಸೋತೆನೆಂಬ ಬೇಸರ ಅದರ ಜೊತೆಗೆ ಬಂತು. ಮೂರು ವಾರಕ್ಕೆ ಬಿಟ್ಟುಬಿಟ್ಟೆ.

ಮನಸ್ಸನ್ನು ಖಾಲಿ ಮಾಡಬೇಕೆಂದು ಯಾರೂ ಹೇಳಿಲ್ಲವೆಂಬುದು ನನಗೆ ತಿಳಿದದ್ದು ಆಮೇಲೆ. ಉಸಿರನ್ನು ಗಮನಿಸುವ ಬೌದ್ಧ ಸಾಧನೆಯಾದ ‘ಆನಾಪಾನಸತಿ’ಯಲ್ಲಿರುವ ‘ಸತಿ’ ಎಂಬುದು ನಮ್ಮ ‘ಸ್ಮೃತಿ’ಯದೇ ಪಾಲಿ ರೂಪ. ಉಸಿರು ಒಳಗೆ ಬರುತ್ತಿದೆ, ಹೊರಗೆ ಹೋಗುತ್ತಿದೆ ಎಂಬುದು ನೆನಪಿನಲ್ಲಿದ್ದರೆ ಸಾಕು, ಮರೆತರೆ ಮತ್ತೆ ನೆನೆದರೆ ಸಾಕು. ಜಾನ್ ಕಬಟ್-ಜಿನ್ ಅವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭಿಸಿ ರೂಪಿಸಿದ 8 ವಾರಗಳ ಧ್ಯಾನ ತರಬೇತಿಯಲ್ಲಿ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ಅಗಿದು ತಿನ್ನುವುದೂ ಒಂದು ಅಭ್ಯಾಸ. ಒಂದು ದ್ರಾಕ್ಷಿಯಿಂದ ಆಗುವುದಾದರೆ ದಿನವೂ ನನ್ನ ಕೈಯಲ್ಲೇ ಆಗುವ ಕಾಫಿಯಿಂದ ಯಾಕಾಗಬಾರದು ಎನ್ನಿಸಿತು.

ಫಿಲ್ಟರಿಗೆ ಬಿಸಿನೀರು ಹಾಕಿದ ಮೇಲಿನ ಆ ಹತ್ತು ನಿಮಿಷವನ್ನು ಅಲ್ಲಿಯವರೆಗೆ ಮೊಬೈಲ್ ತಿನ್ನುತ್ತಿತ್ತು. ಮೊಬೈಲನ್ನು ಕೋಣೆಯಲ್ಲೇ ಬಿಟ್ಟು ಕಟ್ಟೆಯ ಪಕ್ಕ ನಿಂತೆ. ನೀರು ಬಿದ್ದೊಡನೆ ಪುಡಿ ಉಬ್ಬುತ್ತದೆ, ಘಮ ಏಳುತ್ತದೆ, ಕೆಳಗಿನ ಪಾತ್ರೆ ಖಾಲಿಯಿರುವಾಗ ಹನಿಯ ಸದ್ದು ತೆಳ್ಳಗೆ ಲೋಹದ ಸದ್ದಾಗಿ ಕೇಳಿಸಿ, ಡಿಕಾಕ್ಷನ್ ತುಂಬುತ್ತ ಹೋದಂತೆ ಮೆತ್ತಗಾಗುತ್ತದೆ. ಇಪ್ಪತ್ತು ವರ್ಷ ಕಾಫಿ ಮಾಡಿದ ನಾನು ಆ ವ್ಯತ್ಯಾಸವನ್ನು ಕೇಳಿಸಿಕೊಂಡದ್ದು ಅಂದೇ ಮೊದಲು. ಹತ್ತು ಹನಿ ಎಣಿಸುವುದರೊಳಗೆ ಮನಸ್ಸು ಕಚೇರಿಗೆ ಹೋಗಿರುತ್ತಿತ್ತು. ‘ಹೋಯಿತು’ ಎಂದುಕೊಂಡು, ಬೈದುಕೊಳ್ಳದೆ, ಮುಂದಿನ ಹನಿಗೆ ಮರಳುತ್ತಿದ್ದೆ. ಹೀಗೆ ಮರಳುವುದೇ ಅಭ್ಯಾಸವೆಂದು ಅರಿವಾಗಲು ತಿಂಗಳುಗಳೇ ಬೇಕಾದವು. “ಯಾಕೆ ಸುಮ್ಮನೆ ನಿಂತಿದ್ದೀಯ?” ಎಂದು ಅತ್ತೆಯವರು ಕೇಳುತ್ತಿದ್ದರು. “ಡಿಕಾಕ್ಷನ್ ಇಳೀತಾ ಇದೆ ಅತ್ತೆ” ಎನ್ನುತ್ತಿದ್ದೆ.

ಕಚೇರಿಯ ಮೆಟ್ಟಿಲು ಹತ್ತುವಾಗ ಪಾದದ ಮೇಲೆ ಗಮನವಿಡುವುದು, ಫೋನ್ ಎತ್ತುವ ಮೊದಲು ಒಂದು ಉಸಿರನ್ನು ನಿಧಾನವಾಗಿ ಹೊರಬಿಡುವುದು ಇವೆರಡೂ ಕ್ರಮೇಣ ಸೇರಿಕೊಂಡವು. ಉಸಿರು ಒಳಗೆಳೆದಾಗ ಹೃದಯದ ಬಡಿತ ತುಸು ಚುರುಕಾಗಿ, ಹೊರಬಿಟ್ಟಾಗ ನಿಧಾನವಾಗುತ್ತದೆ. ಆದ್ದರಿಂದ ನಿಶ್ವಾಸವನ್ನು ಉದ್ದವಾಗಿಸಿದರೆ ದೇಹವೇ ಸಡಿಲಗೊಳ್ಳುತ್ತದೆ.

ಆದರೆ ರಾತ್ರಿಯ ಎಚ್ಚರದಲ್ಲಿ ಇದೇ ಉಸಿರು ನನಗೆ ಕೈಕೊಟ್ಟಿತು. ಗಮನಿಸಿದಷ್ಟೂ ಉಸಿರು ಮೊಟಕಾದಂತೆನಿಸಿ, ಗಾಬರಿ ಹೆಚ್ಚಾಗಿ ಎದ್ದು ಕೂರುವಂತಾಯಿತು. ನನ್ನಲ್ಲೇ ಏನೋ ದೋಷವಿದೆಯೆಂದು ಹೆದರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಆತಂಕವಿರುವ ಕೆಲವರಿಗೆ ಉಸಿರನ್ನು ಗಮನಿಸುವುದರಿಂದಲೇ ಆತಂಕ ಹೆಚ್ಚುವುದುಂಟು, ಅಂಥವರು ಗಮನವನ್ನು ದೇಹದ ಹೊರಗೆ ತರಬೇಕು ಎಂದು ಅತ್ತಲಿನವರು ಸಮಾಧಾನದಿಂದ ವಿವರಿಸಿದರು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿಗಳು ಉಳಿಯುತ್ತಿದ್ದವು. ಆದ್ದರಿಂದಲೇ ಇಲ್ಲಿ ಒತ್ತಿ ಬರೆಯುತ್ತಿದ್ದೇನೆ. ಗಾಬರಿಯೋ ನಿದ್ರಾಹೀನತೆಯೋ ವಾರಗಟ್ಟಲೆ ಬಿಡದಿದ್ದರೆ ಕಾಫಿಯ ಹನಿಯನ್ನು ನೆಚ್ಚಿ ಕೂರದೆ ವೈದ್ಯರನ್ನೇ ಕಾಣಬೇಕು.

ಈಗ ಎಚ್ಚರವಾದರೆ ಫ್ಯಾನಿನ ಸದ್ದನ್ನು ಕೇಳುತ್ತೇನೆ, ಹೊದಿಕೆಯ ಅಂಚಿನ ಹೊಲಿಗೆಯನ್ನು ಬೆರಳಿನಲ್ಲಿ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಸವರುತ್ತ ಹೋಗುತ್ತೇನೆ. ಚಿಂತೆಗಳು ಬರುವುದು ನಿಂತಿಲ್ಲ. ಎಷ್ಟೋ ರಾತ್ರಿ ಹೊಲಿಗೆಯ ಕೊನೆ ಮುಟ್ಟುವ ಮೊದಲೇ ಕಣ್ಣು ಹತ್ತಿರುತ್ತದೆ. ಕೆಲವು ರಾತ್ರಿ ಎರಡು ಸುತ್ತು ಬಂದರೂ ಹತ್ತುವುದಿಲ್ಲ, ಆಗ ಮೂರನೆಯ ಸುತ್ತು ಶುರುಮಾಡುತ್ತೇನೆ.