ಮರದ ಫ್ಲೋರ್ ಹಾಕಕ್ಕೆ ಹೋಗಿ ಗೋಡೆ ತಳ್ಳಿದ ಕಥೆ

ನಮ್ಮೂರು ಸಾಗರದ ಹತ್ರ, ಈಗ ಇರೋದು ಕೆನಡಾದ ಸರ್ರೆಯಲ್ಲಿ, ಒಂದು ಸಣ್ಣ ಕನ್‌ಸ್ಟ್ರಕ್ಷನ್ ಕಂಪನಿಲಿ ಸೈಟ್ ಎಂಜಿನಿಯರ್ ಕೆಲಸ. ಎರಡು ವರ್ಷದ ಹಿಂದೆ ಒಂದು ಎರಡಂತಸ್ತಿನ ಆಫೀಸ್ ಬಿಲ್ಡಿಂಗ್ ನನ್ ತಲೆಗೆ ಬಂತು, ಫ್ಲೋರ್ ಮರದ್ದು, ರೂಫ್ ಮರದ್ದು, ಕೆಳಗಿಂದ ನೋಡಿದ್ರೆ ಮರ ಕಾಣ್ಲೇಬೇಕು ಅಂತ ಓನರ್ ಆಸೆ. ಅಲ್ಲಿವರೆಗೂ ನಾನು ಮಾಡಿದ್ದೆಲ್ಲ ಕಾಂಕ್ರೀಟ್ ಸ್ಲ್ಯಾಬ್, ಅದಕ್ಕೇ ಆಗಿದ್ ತಪ್ಪೆಲ್ಲ ಸೇರ್ಸಿ ಬರೀತಿದೀನಿ.

ಫ್ಲೋರಿಗೆ ನಾವು ಹಾಕಿದ್ದು ನೇಲ್ ಲ್ಯಾಮಿನೇಟೆಡ್ ಟಿಂಬರ್, ಸೈಟಲ್ಲಿ ಎಲ್ರೂ ಎನ್‌ಎಲ್‌ಟಿ ಅಂತಾರೆ. ನಮ್ಮಲ್ಲಿ ಮುಚ್ಚಿಗೆ ಮಾಡುವಾಗ ತೊಲೆ ಮೇಲೆ ಹಲಗೆ ಮಲಗಿಸ್ತಾರಲ್ಲ, ಇಲ್ಲಿ ಅದೇ ಹಲಗೆನ ಅಂಚಿನ ಮೇಲೆ ನಿಲ್ಲಿಸ್ತಾರೆ. ಒಂದರ ಪಕ್ಕ ಒಂದು ನಿಲ್ಸಿ 3 ಇಂಚಿನ ಮೊಳೆ ಹೊಡ್ಕೊಂಡು ಹೋದ್ರೆ ದಪ್ಪ ಸ್ಲ್ಯಾಬ್ ಥರ ಆಗತ್ತೆ. ಹೊಸ ಟೆಕ್ನಾಲಜಿ ಏನಲ್ಲ, ವ್ಯಾಂಕೂವರ್ ಗ್ಯಾಸ್‌ಟೌನ್ ಯೇಲ್‌ಟೌನ್ ಕಡೆ ನೂರು ವರ್ಷದ ಇಟ್ಟಿಗೆ ಗೋದಾಮುಗಳಿಗೆ ಹೋಗಿ ತಲೆ ಎತ್ತಿ ನೋಡಿ, ಇಂಥ ಮರದ ಫ್ಲೋರೇ ಇರತ್ತೆ. ನಾವು ತಗೊಂಡಿದ್ದು 2x8, ಹೆಸರಿಗೆ ಎರಡು ಇಂಚು ಎಂಟು ಇಂಚು, ಅಳತೆ ಮಾಡಿದ್ರೆ 38 ಮಿಮೀ 184 ಮಿಮೀ ಅಷ್ಟೇ, ಈ ಲೆಕ್ಕ ಗೊತ್ತಿಲ್ದೆ ಮೊದಲ ಡ್ರಾಯಿಂಗಲ್ಲೇ ನಾನು ಬೈಸ್ಕೊಂಡೆ. ಬೀಮ್ ಸುಮಾರು 4.5 ಮೀಟರಿಗೊಂದು. ಹಿಂಗೆ ಮೊಳೆ ಹೊಡೆದು ಮುಂಚೆನೇ ಮಾಡಿ ಲಾರಿಲಿ ತರೋ ಒಂದೊಂದು ತುಂಡಿಗೂ ಪ್ಯಾನೆಲ್ ಅಂತಾರೆ. ಒಂದು ಪ್ಯಾನೆಲಿಗೆ 64 ಹಲಗೆ, ಅಂದ್ರೆ 2432 ಮಿಮೀ ಅಗಲ, ಇದಕ್ಕಿಂತ ಅಗಲ ಆದ್ರೆ ಲಾರಿ ಮೇಲೆ ತರೋದು ರಗಳೆ. ಪ್ಲೈವುಡ್ ಸೇರಿ ಒಂದೊಂದು ಪ್ಯಾನೆಲ್ ಹತ್ರಹತ್ರ ಒಂದು ಟನ್ನು.

ಊರಿನವರು ಇದನ್ನ ಕೇಳಿದ ತಕ್ಷಣ ಕೇಳೋದು ಎರಡೇ ಪ್ರಶ್ನೆ. ಭಾರ ತಡಿಯತ್ತಾ, ಬೆಂಕಿ ಬಿದ್ರೆ? ಭಾರದ್ದು ಸಮಸ್ಯೆನೇ ಅಲ್ಲ, ಮರ ಮುರಿಯೋದಕ್ಕಿಂತ ಬಹಳ ಮುಂಚೆನೇ ನಡೆದಾಗ ಅಲ್ಲಾಡೋದು ಕಾಲಿಗೆ ಗೊತ್ತಾಗತ್ತೆ, ದಪ್ಪ ಎಷ್ಟು ಬೇಕು ಅಂತ ಹೇಳೋದು ಆ ವೈಬ್ರೇಶನ್ನೇ. ಬೆಂಕಿಗೆ ದಪ್ಪ ಮರ ಒಂದೇ ಲೆಕ್ಕದಲ್ಲಿ ಸುಡತ್ತೆ, ನಿಮಿಷಕ್ಕೆ ಸುಮಾರು 0.65 ಮಿಮೀ, ಗಂಟೆಗೆ 40 ಮಿಮೀ ಹತ್ರ. ಹೊರಗಡೆ ಇದ್ದಿಲಾಗಿ ಒಳಗಿನ ಮರನ ಅದೇ ಕಾಯತ್ತೆ. ಆದ್ರೆ ಹಲಗೆ ಸಂದಿಲಿ ಹೊಗೆ ಮೇಲೆ ಬರದೇ ಇರಕ್ಕೆ ಮೇಲ್ಗಡೆ ಪ್ಲೈವುಡ್ ಬೇಕೇ ಬೇಕು. ಗಾಳಿ ಭೂಕಂಪ ಅಂತ ಅಡ್ಡಡ್ಡ ತಳ್ಳೋ ಬಲ ತಡಿಯೋದೂ ಆ ಪ್ಲೈವುಡ್ಡೇ, ಹಲಗೆ ಅಲ್ಲ.

ಯಾರೂ ಕೇಳದೇ ಇರೋ ಪ್ರಶ್ನೆ ನೀರಿಂದು. ನಾನೂ ಕೇಳಿರ್ಲಿಲ್ಲ.

ಮಲೆನಾಡಲ್ಲಿ ಬೆಳೆದವನಿಗೆ ಇದು ಗೊತ್ತಿರಬೇಕಿತ್ತು ಕಣ್ರಿ. ಜೂನ್ ಬಂದ್ರೆ ನಮ್ಮನೆ ದೇವರ ಕೋಣೆ ಬಾಗ್ಲು ಹಿಡ್ಕೊಳ್ಳತ್ತೆ, ಭುಜ ಕೊಟ್ಟು ತಳ್ಳಬೇಕು, ಜನವರಿಲಿ ಅದೇ ಬಾಗ್ಲು ತಾನಾಗೇ ತೆಗಿಯತ್ತೆ. ಒಂದು ಬಾಗ್ಲಿಗೆ ಹಂಗಾದ್ರೆ 64 ಹಲಗೆಗೆ? ಮರದ ತೇವಾಂಶ 1 ಪರ್ಸೆಂಟ್ ಏರಿದ್ರೆ ಹಲಗೆ ಅಡ್ಡಕ್ಕೆ ಹೆಚ್ಚುಕಮ್ಮಿ 0.25 ಪರ್ಸೆಂಟ್ ಉಬ್ಬತ್ತೆ, ಉದ್ದಕ್ಕೆ ಏನೂ ಆಗಲ್ಲ ಅಂತನೇ ಇಟ್ಕೊಳಿ. 13 ಇದ್ದಿದ್ದು 19 ಆದ್ರೆ 6 ಪರ್ಸೆಂಟು, 2432 ಮಿಮೀಗೆ ಲೆಕ್ಕ ಹಾಕಿದ್ರೆ 36 ಮಿಮೀ! ಹಲಗೆ ಮಧ್ಯದ ಸಂದಿಗಳು ಸ್ವಲ್ಪ ನುಂಗ್ಕೊಳ್ತವೆ, ಪೂರ್ತಿ 36 ಕಾಣ್ಸಲ್ಲ, ಆದ್ರೂ ಅರ್ಧ ಬಂದ್ರೂ ಎಲ್ಲಿಗೆ ಹೋಗ್ಬೇಕು ಅದು?

ಅದಕ್ಕೇ ಸ್ಪೆಕ್ (ಯಾವ ಮರ, ಹೆಂಗೆ ಇರ್ಬೇಕು ಅನ್ನೋ ಷರತ್ತಿನ ಪಟ್ಟಿ) ಬರೆಯುವಾಗ ಮೊದಲು ನೋಡ್ಬೇಕಾದ್ದು ತೇವಾಂಶದ ಸಾಲು. ಇಲ್ಲಿ ಮರದ ಮೇಲೆ ಎಸ್-ಡ್ರೈ ಅಂತ ಸೀಲ್ ಇರತ್ತೆ, ಒಣಗಿದ ಮರ ಅಂತ ಖುಷಿ ಪಡಬೇಡಿ, ಅದರರ್ಥ 19 ಪರ್ಸೆಂಟ್ ವರೆಗೂ ಇರಬಹುದು ಅಂತ. ಬಿಲ್ಡಿಂಗ್ ಮುಗಿದು ಹೀಟಿಂಗ್ ಹಾಕಿದ್ಮೇಲೆ ಅದೇ ಮರ 8-12ಕ್ಕೆ ಇಳಿಯತ್ತೆ, ಆಗ ಹಲಗೆ ಹಲಗೆ ಮಧ್ಯ ಸಂದಿ ಬಿಡತ್ತೆ. ನಮ್ಮ ಸ್ಪೆಕ್ಕಲ್ಲಿ ಪ್ಯಾನೆಲ್ ಮಾಡುವಾಗ 15ಕ್ಕಿಂತ ಜಾಸ್ತಿ ಇರಬಾರದು, ಮೇಲೆ ಮುಚ್ಚೋ ಮುಂಚೆ 16ಕ್ಕಿಂತ ಜಾಸ್ತಿ ಇರಬಾರದು ಅಂತ ಬರೆಸಿದ್ವಿ. ಪ್ಯಾನೆಲ್ ಪ್ಯಾನೆಲ್ ಮಧ್ಯ 19 ಮಿಮೀ ಗ್ಯಾಪು. ಆ ಗ್ಯಾಪ್ ಮೇಲೆ ಬರೋ ಪ್ಲೈವುಡ್ ಪಟ್ಟಿ ಮಾತ್ರ ಕೊನೆಗೆ ಹೊಡಿಯೋದು ಅಂತ ಡೀಟೇಲಲ್ಲಿ ತೋರ್ಸಿದ್ವಿ. ಪೇಪರ್ ಮೇಲೆ ಎಲ್ಲಾ ಸರಿ ಇತ್ತು.

ಪ್ಯಾನೆಲ್ ಬಂದಿದ್ದು ಅಕ್ಟೋಬರ್ ಕೊನೇಲಿ. ಫೋನಲ್ಲಿ ಅಪ್ಪಂಗೆ ಹೇಳಿದ್ರೆ "ಮಳೆಗಾಲದಲ್ಲಿ ಯಾರಾದ್ರೂ ಮರದ ಕೆಲ್ಸ ಹಿಡಿತಾರೇನೋ" ಅಂದ್ರು. ಇಲ್ಲಿ ಮಳೆಗಾಲ ಅಂದ್ರೆ ಅಕ್ಟೋಬರಿಂದ ಮಾರ್ಚ್, ಶೆಡ್ಯೂಲ್ ಮಾಡೋರಿಗೆ ಅದು ಗೊತ್ತಿದ್ರೂ ಗೊತ್ತಿಲ್ದಂಗೆ ಇರ್ತಾರೆ ಅಪ್ಪ ಅಂದೆ.

ನಮ್ಮ ಫೋರ್‌ಮನ್ ಒಬ್ಬರು ವಯಸ್ಸಾದ ಸರ್ದಾರ್ಜಿ, ಮೂವತ್ತು ವರ್ಷದ ಬಡಗಿ, ಕೈಲಿ ಕಲೆ ಇದೆ. ನಾನು ಬೇರೆ ಸೈಟಿಗೆ ಹೋಗಿದ್ದ ದಿನ ನಾಲ್ಕು ಪ್ಯಾನೆಲ್ ಕ್ರೇನಲ್ಲಿ ಇಳಿಸಿದಾರೆ, ಮಧ್ಯದಲ್ಲಿ ಗ್ಯಾಪ್ ಕಂಡಿದೆ, ಕಣ್ಣಿಗೆ ಸರಿ ಕಾಣ್ಸಿಲ್ಲ, ರ್‍ಯಾಚೆಟ್ ಸ್ಟ್ರಾಪ್ (ತಿರುಗಿಸಿ ಬಿಗಿಯೋ ಪಟ್ಟಿ) ಹಾಕಿ ಎಳೆದು ನಾಲ್ಕನ್ನೂ ಬಿಗಿಯಾಗಿ ಕೂರ್ಸಿದಾರೆ. ಕೂದಲೆಳೆ ಸಂದಿ ಇಲ್ಲ. ಸಂಜೆ ನಾನು ಬಂದು ನೋಡಿ ಹೌಹಾರಿದ್ರೆ ಅವರು ಹಿಂದೀಲಿ "ಬೇಟಾ, ಅಷ್ಟು ಗ್ಯಾಪ್ ಬಿಟ್ಟು ಬಂದ್ರೆ ನನ್ನ ಬಡಗಿ ಅಂತಾರಾ" ಅಂದ್ರು. ತಪ್ಪು ಅವರದಲ್ಲ. ಡ್ರಾಯಿಂಗಲ್ಲಿ 19 ಅಂತ ಬರೆದಿದ್ದೆ, ಯಾಕೆ ಅಂತ ಒಂದು ಮಾತು ಹೇಳಿರ್ಲಿಲ್ಲ. ನಾಳೆ ಸಡಿಲ ಮಾಡೋಣ ಅಂದ್ಕೊಂಡ್ವಿ, ಅವತ್ತು ಶುಕ್ರವಾರ, ಎತ್ತೋದಕ್ಕೆ ಅಂತ ಪ್ಯಾನೆಲ್ಲಿಗೆ ಸುತ್ತಿದ್ದ ಪ್ಲಾಸ್ಟಿಕ್ ನಾಲ್ಕು ಕಡೆ ಕೊಯ್ದಿದ್ರು, ಯಾರೂ ಟೇಪ್ ಹಾಕಿಲ್ಲ, ಶನಿವಾರ ಭಾನುವಾರ ಬಿಡದೆ ಸುರೀತು.

ಸೋಮವಾರ ಬೆಳಿಗ್ಗೆ ಕೆಳಗಿಂದ ನೋಡಿದ್ರೆ ಹಲಗೆ ಸಂದಿ ಸಂದಿಲೂ ನೀರು ತೊಟ್ಟಿಕ್ತಿದೆ. ಮಾಯಿಶ್ಚರ್ ಮೀಟರಿನ ಎರಡು ಸೂಜಿ ಚುಚ್ಚಿದ್ರೆ ಅಂಚಲ್ಲಿ 24, ಮಧ್ಯದಲ್ಲಿ 17. ಕೊನೇ ಗೋಡೆಗೆ ತೂಗುಗುಂಡು ಬಿಟ್ಟು ನೋಡಿದ್ರೆ ಗೋಡೆ ತಲೆ ಹೊರಗಡೆಗೆ 22 ಮಿಮೀ ಹೋಗಿದೆ. ಜ್ಯಾಕ್ ಇಟ್ಟು ತಳ್ಳಿದ್ರೂ ಅಷ್ಟು ನೀಟಾಗಿ ಹೋಗ್ತಿರ್ಲಿಲ್ಲ.

ಎಳೆಯೋದು ಸುಲಭ, ಬಿಡ್ಸೋದು ಕಷ್ಟ. ಉಬ್ಬಿ ಕಚ್ಕೊಂಡಿರೋ ಟನ್ ತೂಕದ ಪ್ಯಾನೆಲ್ ಕ್ರೇನಿಗೂ ಬಗ್ಗಲ್ಲ. ಒಂದು ಹಲಗೆ ಕಿತ್ತು ಜಾಗ ಮಾಡೋಣ ಅಂದ್ರೆ ಒಳಗೆಲ್ಲ ಮೊಳೆ, ಸರ್ಕ್ಯುಲರ್ ಗರಗಸ ಇಟ್ರೆ ಬ್ಲೇಡು ಹಾಳು. ಕೊನೆಗೆ ಬ್ಲೇಡು ಹಿಂದೆ ಮುಂದೆ ಆಡೋ ರೆಸಿಪ್ರೊಕೇಟಿಂಗ್ ಗರಗಸಕ್ಕೆ ಕಬ್ಬಿಣ ಕೊಯ್ಯೋ ಉದ್ದ ಬ್ಲೇಡ್ ಹಾಕಿ, ಅಂಚಿನ ಹಲಗೆ ಪಕ್ಕದ ಸಂದಿಲಿ ತೂರ್ಸಿ ಒಂದೊಂದೇ ಮೊಳೆ ಕೊಯ್ದ್ವಿ. ಅಂಚಲ್ಲಿ ಪ್ಲೈವುಡ್ ಹಾಕದೇ ಬಿಟ್ಟಿದ್ದು ಅವಾಗ ಪುಣ್ಯಕ್ಕೆ ಬಂತು. ಒಂದು ಹಲಗೆ ಹೊರಗೆ ಬರಕ್ಕೆ ಇಡೀ ದಿನ, ಎಂಟು ಬ್ಲೇಡು. ಹಲಗೆ ಸಡಿಲ ಆದಾಗ 'ಟಕ್' ಅಂತ ಒಂದು ಶಬ್ದ ಬಂತು, ಸರ್ದಾರ್ಜಿ ನನ್ ಮುಖ ನೋಡಿದ್ರು, ನಾನು ಗೋಡೆ ನೋಡ್ದೆ. ಆಮೇಲೆ ಟಾರ್ಪಾಲ್ ಕಟ್ಟಿ ಗಾಳಿಯ ತೇವ ಎಳೆಯೋ ಡಿಹ್ಯುಮಿಡಿಫೈಯರ್ ಹಾಕಿ ಮೂರು ವಾರ ಕಾದ್ವಿ 15ಕ್ಕೆ ಬರಕ್ಕೆ. ಮಧ್ಯೆ ಆಫೀಸಿಂದ ಮೇಲೆ ಮೆಂಬ್ರೇನ್ (ನೀರು ತಡಿಯೋ ಹಾಳೆ) ಹಾಕಿ ಮುಂದೆ ಹೋಗಿ ಅಂತ ಒತ್ತಡ ಬಂತು, ಅದೊಂದಕ್ಕೆ ಮಾತ್ರ ನಾನು ಒಪ್ಲಿಲ್ಲ. ಒದ್ದೆ ಮರನ ಮೇಲಿಂದ ಸೀಲ್ ಮಾಡಿದ್ರೆ ಒಳಗೇ ಕೊಳೆಯತ್ತೆ.

ಫ್ಲೋರ್ ಒಣಗಿದ್ಮೇಲೆ ಪಟ್ಟಿ ಹೊಡೆದು, ಕರೆಂಟ್ ಪೈಪೆಲ್ಲ ಮೇಲೇ ಓಡ್ಸಿ, ಶಬ್ದಕ್ಕೆ ರಬ್ಬರ್ ಮ್ಯಾಟು, ಅದರ ಮೇಲೆ 50 ಮಿಮೀ ಕಾಂಕ್ರೀಟ್. ಎಲೆಕ್ಟ್ರಿಶಿಯನ್‌ನ ಮುಂಚೆನೇ ಕೂರ್ಸಿ ಮಾತಾಡಿ, ಕೆಳಗೆ ಮರ ಕಾಣೋ ಸೀಲಿಂಗಲ್ಲಿ ಆಮೇಲೆ ಪೈಪ್ ಬಚ್ಚಿಡಕ್ಕೆ ಜಾಗನೇ ಇರಲ್ಲ.

ರೂಫಿಗೆ ಬೇರೆ ಥರ, ಅಂಟು ಹಾಕಿದ ಲ್ಯಾಮಿನೇಟೆಡ್ ಡೆಕಿಂಗ್, ಅಂದ್ರೆ ಪದರ ಪದರ ಅಂಟಿಸಿದ ಹಲಗೆ, ಡಗ್ಲಸ್ ಫರ್ ಮರದ್ದು. ಮೂರು ಪದರ, ನಡುವಿನ ಪದರ ಸ್ವಲ್ಪ ಸರಿಸಿ ಅಂಟಿಸಿರ್ತಾರೆ, ಅದ್ರಿಂದ್ಲೇ ಒಂದು ಕಡೆ ನಾಲಿಗೆ ಇನ್ನೊಂದು ಕಡೆ ಗ್ರೂವ್ ಆಗತ್ತೆ. 8 ಅಡಿಗೊಂದು ಬೀಮು. ಇಲ್ಲಿ ಕಲಿತಿದ್ದು ಜಾಯಿಂಟಿನ ಲೆಕ್ಕ. ಹಲಗೆ ಒಂದೇ ಅಂಕಣಕ್ಕೆ (ಒಂದು ಬೀಮಿಂದ ಮುಂದಿನ ಬೀಮಿನವರೆಗೆ) ತುಂಡು ಮಾಡಿ ಹಾಕಿದ್ರೆ ಎಷ್ಟು ಬಗ್ಗತ್ತೋ, ಎರಡು ಅಂಕಣ ಉದ್ದಕ್ಕೆ ಒಂದೇ ಹಲಗೆ ಹಾಕಿದ್ರೆ ಅದರ ಅರ್ಧಕ್ಕಿಂತ ಕಮ್ಮಿ ಬಗ್ಗತ್ತೆ. ಆದ್ರೆ ಎಲ್ಲಾ ಹಲಗೆ ಅಷ್ಟುದ್ದ ಸಿಗಲ್ಲ, ಸಿಕ್ರೂ ದುಡ್ಡು, ಅದಕ್ಕೆ ಉದ್ದ ಗಿಡ್ಡ ಬೆರೆಸಿ ಹಾಕೋ ಒಂದು ಪದ್ಧತಿ ಇದೆ. ಪಕ್ಕದ ಸಾಲಲ್ಲಿ ಜಾಯಿಂಟ್ ಅಕ್ಕಪಕ್ಕ ಬರಬಾರದು, ಪ್ರತಿ ಹಲಗೆನೂ ಕನಿಷ್ಠ ಒಂದು ಬೀಮ್ ಮೇಲೆ ಕೂತಿರ್ಬೇಕು. ಮೊದಲ ದಿನ ನಾನೇ ಸೀಮೆಸುಣ್ಣ ಹಿಡ್ಕೊಂಡು ಜಾಯಿಂಟ್ ಗುರುತು ಹಾಕ್ದೆ, ಎರಡನೇ ದಿನದಿಂದ ಹುಡುಗರಿಗೆ ಅಭ್ಯಾಸ ಆಯ್ತು.

ಅಲ್ಲೂ ಒಂದು ಎಡವಟ್ಟು. ವೆಲ್ಡಿಂಗ್ ಹುಡುಗ ಡೆಕ್ ಮೇಲೆ ನಿಂತು ಸ್ಟೀಲ್ ಪ್ಲೇಟಿಗೆ ಗ್ರೈಂಡರ್ ಹಿಡ್ದ, ಪುಡಿ ಎಲ್ಲಾ ಮರದ ಮೇಲೆ, ರಾತ್ರಿ ಸೋನೆ ಮಳೆ. ಬೆಳಿಗ್ಗೆ ನೋಡಿದ್ರೆ ಮರದ ತುಂಬ ನೀಲಿಗಪ್ಪು ಚುಕ್ಕೆ, ಸಂದಿಲಿ ಇಳಿದು ಕೆಳಗಡೆ ಕಾಣೋ ಕಡೆಗೂ ಬಂದಿದೆ. ಓನರ್ ಬೂಷ್ಟು ಅಂತ ಗಾಬರಿ. ಅಡಿಕೆ ಸುಲಿದವರಿಗೆ ಇದು ಹೊಸದಲ್ಲ, ಚೊಗರು ಕಬ್ಬಿಣದ ಕತ್ತಿಗೆ ತಾಗಿದ್ರೆ ಕಪ್ಪಾಗತ್ತಲ್ಲ ಅದೇ ಇದು, ಮರದ ಟ್ಯಾನಿನ್ನು ಕಬ್ಬಿಣನೂ ಸೇರಿದ್ದು. ಆಕ್ಸಾಲಿಕ್ ಆ್ಯಸಿಡ್ ನೀರಲ್ಲಿ ಕರಗ್ಸಿ ಗ್ಲೌಸ್ ಹಾಕ್ಕೊಂಡು ಬ್ರಶ್ಶಲ್ಲಿ ಹಚ್ಚಿ ಚೆನ್ನಾಗಿ ತೊಳೆದ್ರೆ ಹೋಗತ್ತೆ, ನಮಗೂ ಹೋಯ್ತು, ಎರಡು ಕಡೆ ಮಾತ್ರ ನೆರಳಿನ ಥರ ಉಳಿದಿದೆ, ನಾನು ತೋರ್ಸಿದ್ರೆ ಕಾಣತ್ತೆ.

ಊರಲ್ಲಿ ಹೋಮ್‌ಸ್ಟೇಗೆ ಹಿಂಗೇ ಮಾಡ್ಬಹುದಾ ಅಂತ ಇಬ್ಬರು ಮೂವರು ಕೇಳಿದಾರೆ. ಗೆದ್ದಲು ಒಂದು ಕಡೆ ಇರ್ಲಿ, ಜುಲೈಲಿ ನಮ್ಮ ಕಡೆ ಗಾಳಿಲಿ ತೇವ 90 ಪರ್ಸೆಂಟ್ ಇದ್ರೆ ಸೂರಡಿ ಇರೋ ಮರನೂ 20ರ ಹತ್ರ ಹೋಗಿ ನಿಲ್ಲತ್ತೆ, ಬೇಸಿಗೆಲಿ ಇಳಿಯತ್ತೆ, ಪ್ರತಿ ವರ್ಷ ಹೋಗಿ ಬಂದು ಮಾಡತ್ತೆ. ಮಾಡಕ್ಕಾಗಲ್ಲ ಅಂತಲ್ಲ, ನಾವಿಲ್ಲಿ ಬಿಟ್ಟ ಗ್ಯಾಪ್ ಅಲ್ಲಿ ಸಾಲಲ್ಲ.

ಸರ್ದಾರ್ಜಿ ಈಗ ಬೇರೆ ಸೈಟಲ್ಲೂ ನಮ್ ಜೊತೇನೇ ಇದಾರೆ. 19 ಮಿಮೀ ಪ್ಲೈವುಡ್ ತುಂಡು ಒಂದು ಬಕೆಟ್ ತುಂಬ ಕೊಯ್ದು ಇಟ್ಕೊಂಡಿದಾರೆ, ಪ್ಯಾನೆಲ್ ಕೂರ್ಸುವಾಗ ಮಧ್ಯ ಇಡ್ತಾರೆ, ಕೂತ್ಮೇಲೆ ಒಂದೊಂದೇ ಎಣಿಸಿ ವಾಪಸ್ ಬಕೆಟಿಗೆ. ಮೊನ್ನೆ ಹೊಸ ಹುಡುಗ ಒಬ್ಬ ಸ್ಟ್ರಾಪ್ ತಗೊಂಡು ಬಂದ, ಅವನಿಗೆ ನನ್ನ ಕಡೆ ಬೆರಳು ತೋರ್ಸಿ, ಆ ಗೋಡೆ ಕಥೆ ಇವನ ಹತ್ರ ಕೇಳು ಅಂದ್ರು.