ಗುಂಡು ಹಾರಿಸುವ ಮೊದಲೇ ಸ್ಕೋಪನ್ನು ಅಳೆದ ಬಗೆ

ಝೂಮ್ ಇರುವ ರೈಫಲ್ ಸ್ಕೋಪ್ ಸರಿಯಿದೆಯೇ ಎಂದು ನೋಡಲು ಹೆಚ್ಚಿನವರು ಅದನ್ನು ರೈಫಲ್‌ಗೆ ಕೂರಿಸಿ, ನಾಲ್ಕು ಗುಂಡು ಹಾರಿಸಿ, ಕಾಗದ ನೋಡುತ್ತಾರೆ. ನಾನು ಆ ಕೆಲಸವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ನನ್ನ .308 ರೈಫಲ್ ಚೆನ್ನಾಗಿ ಹೊಡೆದ ದಿನವೂ ಗುಂಡುಗಳು ಅರ್ಧ ಎಂಒಎ (ಕೋನದ ಅಳತೆ, 100 ಗಜದಲ್ಲಿ ಒಂದು ಎಂಒಎ ಸುಮಾರು ಒಂದು ಇಂಚು) ಹರಡಿಕೊಳ್ಳುತ್ತವೆ. ಗುರಿಯನ್ನು ಬೇಕಾದಷ್ಟು ಸರಿಸಲು ಸ್ಕೋಪಿನ ಮೇಲಿರುವ ತಿರುಗುಗುಬ್ಬಿ, ಅಂದರೆ ಟರೆಟ್‌ನಲ್ಲಿ ಶೇ 1ರಷ್ಟು ತಪ್ಪಿದ್ದರೆ 40 ಎಂಒಎ ತಿರುಗಿಸಿದಾಗ ಬರುವ ವ್ಯತ್ಯಾಸ 0.4 ಎಂಒಎ ಮಾತ್ರ. ಮೂರು ಗುಂಡಿನ ಗುಂಪಿನೊಳಗೆ ಅಷ್ಟು ತಪ್ಪು ಸಲೀಸಾಗಿ ಅಡಗಿಕೊಳ್ಳುತ್ತದೆ. ರೈಫಲ್, ಗುಂಡು, ಗಾಳಿ, ನನ್ನ ಭುಜ ಎಲ್ಲವನ್ನೂ ಬದಿಗಿಟ್ಟು ಸ್ಕೋಪ್ ಒಂದನ್ನೇ ಅಳೆದಾಗ ಮಾತ್ರ ಅದರ ಗುಣ ಗೊತ್ತಾಗುತ್ತದೆ.

ನಾನು ಸ್ಕೋಪ್ ಬಳಸುವುದು ಅಮೆರಿಕದ ಎಫ್-ಕ್ಲಾಸ್ ಪಂದ್ಯಗಳಿಗೆ (ಮಲಗಿ, ರೈಫಲನ್ನು ಆಧಾರದ ಮೇಲಿಟ್ಟು ದೂರದ ಗುರಿಗೆ ಹೊಡೆಯುವ ಪಂದ್ಯ), ಅದರಲ್ಲೂ ಎಫ್-ಟಿಆರ್ ವಿಭಾಗಕ್ಕೆ. ಅಲ್ಲಿ .223 ರೆಮಿಂಗ್ಟನ್ ಅಥವಾ .308 ವಿಂಚೆಸ್ಟರ್ ಗುಂಡು ಮಾತ್ರ. ಸ್ಕೋಪು, ಬೈಪಾಡ್ (ಎರಡು ಕಾಲಿನ ಆಧಾರ) ಸೇರಿ ರೈಫಲ್‌ನ ತೂಕ 8.25 ಕಿಲೋ ಮೀರುವಂತಿಲ್ಲ. 1000 ಗಜದ ಗುರಿಯಲ್ಲಿ 10 ಅಂಕದ ವೃತ್ತದ ಅಗಲ 10 ಇಂಚು, ಅದರೊಳಗಿನ ಎಕ್ಸ್ ವೃತ್ತದ್ದು 5 ಇಂಚು. ಒಂದು ಎಂಒಎ ಎಂದರೆ ಡಿಗ್ರಿಯ 60ನೇ ಒಂದು ಭಾಗ, 100 ಗಜಕ್ಕೆ 1.047 ಇಂಚು. ಹಾಗಾಗಿ 10ರ ವೃತ್ತ ಒಂದು ಎಂಒಎಗಿಂತ ಕೂದಲೆಳೆಯಷ್ಟು ಕಿರಿದು. (ಊರಲ್ಲಿ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್ಎಸ್ಎಫ್‌ನ ನಿಯಮದ 50 ಮೀಟರ್ ಪಂದ್ಯದಲ್ಲಿ ಪಳಗಿ ಬಂದವರಿಗೆ ಇದು ಹೊಸ ಲೋಕ. ಅಲ್ಲಿ ರೈಫಲ್ ಮೇಲೆ ಸ್ಕೋಪ್ ಇಡುವಂತೆಯೇ ಇಲ್ಲ.)

ಮೊದಲ ಕೆಲಸ ಅಲುಗಾಡದ ಆಧಾರ. ರೈಫಲ್‌ನ ಬೋಲ್ಟ್ ತೆಗೆದು, ಚೇಂಬರ್ ಖಾಲಿ ಇದೆಯೆಂದು ಬೆರಳು ಹಾಕಿ ಖಚಿತಪಡಿಸಿಕೊಂಡು, ವೈಸ್‌ನಲ್ಲಿ ಬಿಗಿಯಬಹುದು. ನಾನು ಭಾರದ ಕಬ್ಬಿಣದ ದಿಮ್ಮಿಗೆ ಒಂದು ತುಂಡು ರೈಲು (ರೈಫಲ್ ಮೇಲೆ ಸ್ಕೋಪ್ ಕೂರಿಸುವ ಲೋಹದ ಪಟ್ಟಿ) ತಿರುಪು ಹಾಕಿ ಕೂರಿಸಿ, ಅದರ ಮೇಲೆ ಸ್ಕೋಪನ್ನು ಅದರ ಕೊಳವೆ ಹಿಡಿಯುವ ರಿಂಗ್ ಸಮೇತ ಬಿಗಿದೆ. ರಿಂಗ್ ಮುಚ್ಚಳದ ತಿರುಪುಗಳಿಗೆ ಟಾರ್ಕ್ ವ್ರೆಂಚ್‌ನಲ್ಲಿ 15ರಿಂದ 18 ಇಂಚು-ಪೌಂಡ್ ಸಾಕು. ಅಂದಾಜಿನ ಮೇಲೆ ಬಿಗಿದರೆ ಕೊಳವೆ ಅಮುಕಿಕೊಂಡು ಪ್ಯಾರಲಾಕ್ಸ್ (ಕಣ್ಣು ಸರಿದರೆ ಗುರಿಯ ಎಳೆಗಳೂ ಸರಿದಂತೆ ಕಾಣುವ ದೋಷ) ಸರಿಪಡಿಸುವ ಪಕ್ಕದ ತಿರುಗುಗುಬ್ಬಿ ಬಿಗಿಯಾಗುತ್ತದೆ. ಆಮೇಲೆ ತಪ್ಪು ಸ್ಕೋಪಿನದೋ ನಮ್ಮ ಕೈಯದೋ ಹೇಳಲಾಗದು.

100 ಗಜವನ್ನು ಲೇಸರ್‌ನಲ್ಲಿ ಅಳೆಯಬೇಡಿ. ಒಂದು ಗಜ ಆಚೀಚೆ ತೋರಿಸುವ ಲೇಸರ್ ಇಲ್ಲಿ ಶೇ 1ರ ತಪ್ಪು ತರುತ್ತದೆ, ನಾವು ಹುಡುಕುತ್ತಿರುವ ತಪ್ಪೂ ಅಷ್ಟೇ ದೊಡ್ಡದು. ಉಕ್ಕಿನ ಟೇಪು ಎಳೆದು 300 ಅಡಿ ಅಳೆಯಿರಿ, ಅದೂ ಮೇಜಿನ ಅಂಚಿನಿಂದಲ್ಲ, ಸ್ಕೋಪಿನ ಮುಂಗಾಜಿನಿಂದ.

ಗುರಿಗೆ 4 ಅಡಿ ಎತ್ತರದ ಹಲಗೆ ಬೇಕು. ಗಾರೆಯವರ ತೂಗುಗುಂಡು ಇಳಿಬಿಟ್ಟು ಅದರ ದಾರದ ಗುಂಟ ನೇರ ಗೆರೆ ಎಳೆಯುತ್ತೇನೆ. ರಸಮಟ್ಟಕ್ಕಿಂತ ತೂಗುಗುಂಡಿನ ಮೇಲೆ ನನಗೆ ನಂಬಿಕೆ ಹೆಚ್ಚು. ಮೇಲಿನ ತುದಿಯಲ್ಲಿ ಸೊನ್ನೆ ಗುರುತು, ಅಲ್ಲಿಂದ ಕೆಳಕ್ಕೆ 10.47, 20.94, 31.42, 41.89 ಇಂಚಿಗೆ ಅಡ್ಡಗೆರೆ: ಕ್ರಮವಾಗಿ 10, 20, 30, 40 ಎಂಒಎ. ಸೊನ್ನೆ ಮೇಲೇ ಇರಬೇಕು. ಸ್ಕೋಪು ಕದಲದೆ ನಿಂತಿರುವಾಗ ಟರೆಟನ್ನು 'ಅಪ್' ಕಡೆಗೆ ತಿರುಗಿಸಿದರೆ ಕಣ್ಣಿಗೆ ಕಾಣುವ ರೆಟಿಕಲ್ (ಸ್ಕೋಪಿನೊಳಗಿನ ಗುರಿಯ ಎಳೆಗಳು) ಕೆಳಕ್ಕಿಳಿಯುತ್ತದೆ. ಸೊನ್ನೆಯನ್ನು ಕೆಳಗೆ ಬರೆದವರಿಗೆ ರೆಟಿಕಲ್ ಹಲಗೆ ಬಿಟ್ಟು ನೆಲಕ್ಕೆ ಹೋಗುವುದು ಕಾಣುತ್ತದೆ.

ಈಗ ಸೊನ್ನೆಯಿಂದ 40ಕ್ಕೆ ಕ್ಲಿಕ್ ಎಣಿಸುತ್ತ ಹೋಗಿ, ಪ್ರತಿ 10ಕ್ಕೆ ನಿಲ್ಲಿಸಿ ನೋಡಿದೆ. ಅಡ್ಡಗೆರೆಗಳನ್ನು 3 ಮಿ.ಮೀ. ದಪ್ಪಕ್ಕೆ ಎಳೆದದ್ದು ಬೇಕೆಂದೇ: 1/8 ಎಂಒಎಯ ಒಂದು ಕ್ಲಿಕ್ ಈ ದೂರದಲ್ಲಿ 3.3 ಮಿ.ಮೀ. ರೆಟಿಕಲ್‌ನ ಎಳೆ ಗೆರೆಯ ನಡುವೆ ಕೂತರೆ ಸರಿ. ಒಂದೇ ಕ್ಲಿಕ್ ತಪ್ಪಿದರೂ ಎಳೆಗೂ ಕಪ್ಪು ಗೆರೆಗೂ ನಡುವೆ ದಾರದಷ್ಟು ಬಿಳಿ ಇಣುಕುತ್ತದೆ. ನಾನು ಅಳೆದ ಸ್ಕೋಪುಗಳಲ್ಲಿ ಒಂದು, 40 ತಿರುಗಿಸಿದಾಗ 41.89 ಇಂಚಿಗೆ ಬದಲು 41.05ರಲ್ಲಿ ನಿಂತಿತು, ಅಂದರೆ ಶೇ 2 ಕಡಿಮೆ. ನನ್ನ ಗುಂಡಿಗೆ 100 ಗಜದ ಝೀರೋದಿಂದ (ಆ ದೂರಕ್ಕೆ ಗುರಿ ಕೂಡಿಸಿಟ್ಟ ನೆಲೆಯಿಂದ) 1000 ಗಜಕ್ಕೆ ಸುಮಾರು 36 ಎಂಒಎ ಏರಿಸಬೇಕು. ಶೇ 2 ಕೊರತೆ ಬಿದ್ದರೆ 0.72 ಎಂಒಎ, ಗುರಿಯ ಮೇಲೆ ಏಳೂವರೆ ಇಂಚು ಕೆಳಗೆ. 10ರ ವೃತ್ತದಿಂದ ಹೊರಗೆ.

ಹಾಗೆಂದು ಆ ಸ್ಕೋಪನ್ನು ತಿರಸ್ಕರಿಸಲಿಲ್ಲ. 10, 20, 30 ಮೂರರಲ್ಲೂ ಅದೇ ಶೇ 2 ಇತ್ತು. ಒಂದೇ ಪ್ರಮಾಣದ ತಪ್ಪನ್ನು ಲೆಕ್ಕದ ಆ್ಯಪ್‌ನಲ್ಲಿ 1.02 ಎಂದು ತುಂಬಿದರೆ ಮುಗಿಯಿತು. ದೂರ ಮೊದಲೇ ಗೊತ್ತಿರುವ ಪಂದ್ಯದಲ್ಲಿ ಅಂಕಕ್ಕೆ ಸೇರದ ಮೊದಲ ಪರೀಕ್ಷಾ ಗುಂಡುಗಳಲ್ಲೇ (ಸೈಟರ್) ಅದು ಸರಿಹೋಗುತ್ತದೆ. ನಾನು ಹೆದರುವುದು ಬೇರೆ ತಪ್ಪಿಗೆ. ಸೊನ್ನೆಯಿಂದ 40, ಮತ್ತೆ ಸೊನ್ನೆ, ಹೀಗೆ 10 ಸಲ. ಪ್ರತಿ ಸಲವೂ ಅದೇ ಗೆರೆಗೆ ಮರಳಬೇಕು. ಆಮೇಲೆ 36ಕ್ಕೆ ಒಮ್ಮೆ ಕೆಳಗಿನ ಅಂಕೆಯಿಂದ, ಒಮ್ಮೆ ಮೇಲಿನ ಅಂಕೆಯಿಂದ ಬಂದು ನೋಡಬೇಕು. ಎರಡೂ ಸಲ ಒಂದೇ ಜಾಗ ಸಿಗದಿದ್ದರೆ ಟರೆಟ್ ತಿರುಗಿಸಿದಾಗ ಅಲುಗುವ ಒಳಗಿನ ಇರೆಕ್ಟರ್ ಕೊಳವೆಯನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಸೋತಿದೆ ಅಥವಾ ತಿರುಪು ಸಡಿಲವಿದೆ. ಇಂಥ ಸ್ಕೋಪ್ ಪಂದ್ಯದ ನಡುವೆ ಗಾಳಿಗೆಂದು ತಿರುಗಿಸಿದಾಗ ಒಂದೊಂದು ಸಲ ಒಂದೊಂದು ಕಡೆ ಹೋಗುತ್ತದೆ, ಮತ್ತು ನಾವು ಗಾಳಿಯನ್ನು ಬೈಯುತ್ತ ಕೂರುತ್ತೇವೆ. ಇದಕ್ಕೆ ಯಾವ ಲೆಕ್ಕವೂ ಪರಿಹಾರವಲ್ಲ. ವಾಪಸ್ ಕಳಿಸಬೇಕು.

ಅದೇ ಹಲಗೆಯಲ್ಲಿ ವಾಲುವಿಕೆಯೂ ಸಿಗುತ್ತದೆ. ರೆಟಿಕಲ್‌ನ ಲಂಬ ಎಳೆಯನ್ನು ತೂಗುಗುಂಡಿನ ಗೆರೆಗೆ ಸರಿಯಾಗಿ ಹೊಂದಿಸಿ 40 ತಿರುಗಿಸಿದಾಗ ಅದು ಗೆರೆಯ ಮೇಲೇ ಇಳಿಯಬೇಕು. ಪಕ್ಕಕ್ಕೆ ಸರಿದರೆ ರೆಟಿಕಲ್‌ಗೂ ಟರೆಟ್‌ನ ಓಟಕ್ಕೂ ಹೊಂದಿಕೆಯಿಲ್ಲ. ಕೆಳತುದಿಯಲ್ಲಿ 0.73 ಇಂಚು ಸರಿದರೆ ಅದು 1 ಡಿಗ್ರಿ. 36 ಎಂಒಎ ಏರಿಸಿದಾಗ 1000 ಗಜಕ್ಕೆ ಆರೂವರೆ ಇಂಚು ಪಕ್ಕಕ್ಕೆ, ಗಾಳಿ ಇಲ್ಲದೆಯೇ. ಅರ್ಧ ಇಂಚಿನೊಳಗಿದ್ದರೆ ನಾನು ಒಪ್ಪಿಕೊಳ್ಳುತ್ತೇನೆ, ಆದರೆ ರೈಫಲ್ ಮೇಲೆ ಕೂರಿಸುವಾಗ ನೆಟ್ಟಗಿರಬೇಕಾದದ್ದು ಟರೆಟ್‌ನ ಓಟ. ರೆಟಿಕಲ್ ಕಣ್ಣಿಗೆ ಕೊಂಚ ವಾಲಿದಂತೆ ಕಂಡರೂ ಬಿಡಿ.

ಝೂಮ್ ಪರೀಕ್ಷೆ ಎರಡೇ ನಿಮಿಷದ್ದು. ಕಡಿಮೆ ವರ್ಧನೆಯಲ್ಲಿ ಎಳೆಗಳ ಕೂಡುಬಿಂದುವನ್ನು ಒಂದು ಚುಕ್ಕೆಗೆ ಹಿಡಿದು, ನಿಧಾನವಾಗಿ ಪೂರ್ತಿ ಏರಿಸಿ. ಬಿಂದು ಚುಕ್ಕೆ ಬಿಟ್ಟು ಸರಿಯಬಾರದು. ಸೆಕೆಂಡ್ ಫೋಕಲ್ ಪ್ಲೇನ್ ಸ್ಕೋಪುಗಳಲ್ಲಿ (ಝೂಮ್ ಏರಿಸಿದರೂ ರೆಟಿಕಲ್ ಅದೇ ಗಾತ್ರದಲ್ಲಿ ಕಾಣುವಂಥವು) ಈ ದೋಷ ಹೆಚ್ಚು ನೋಡಿದ್ದೇನೆ. ಅವುಗಳ ರೆಟಿಕಲ್ ಗುರುತುಗಳ ಅಳತೆಯೂ ಒಂದೇ ವರ್ಧನೆಯಲ್ಲಿ ಸರಿ. ಆದರೂ ಎಫ್-ಕ್ಲಾಸ್‌ಗೆ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ. ಫಸ್ಟ್ ಫೋಕಲ್ ಪ್ಲೇನ್‌ನಲ್ಲಿ ಝೂಮ್ ಏರಿಸಿದಂತೆ ಗುರಿಯ ಜೊತೆ ಎಳೆಯೂ ದಪ್ಪವಾಗುವುದರಿಂದ, ಎಷ್ಟು ಏರಿಸಿದರೂ ಅದು ಎಕ್ಸ್ ವೃತ್ತದ ಅಷ್ಟೇ ಭಾಗವನ್ನು ಮುಚ್ಚಿರುತ್ತದೆ.

ಪ್ಯಾರಲಾಕ್ಸ್‌ಗೆ ಮೊದಲು ಕಣ್ಣುಗಾಜನ್ನು ಹೊಂದಿಸಬೇಕು. ಬೋಳು ಆಕಾಶದ ಕಡೆ ಹಿಡಿದು ಎರಡು ಸೆಕೆಂಡ್ ಮಾತ್ರ ನೋಡಿ, ಕಣ್ಣು ತೆಗೆದು, ತಿರುಗಿಸಿ, ಮತ್ತೆ ನೋಡಿ. ಹೆಚ್ಚು ಹೊತ್ತು ನೋಡಿದರೆ ಕಣ್ಣು ತಾನೇ ಹೊಂದಿಕೊಂಡು ಮಂಜಾದ ರೆಟಿಕಲನ್ನೂ ಸ್ಪಷ್ಟ ಮಾಡಿ ತೋರಿಸುತ್ತದೆ. ಆನಂತರ ಗುರಿ ನೋಡಿ, ಕೆನ್ನೆ ತಾಕಿಸದೆ ತಲೆಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ರೆಟಿಕಲ್ ಗುರಿಯ ಮೇಲೆ ಈಜುವುದು ನಿಲ್ಲುವ ತನಕ ಪಕ್ಕದ ಗುಬ್ಬಿ ತಿರುಗಿಸುತ್ತೇನೆ. ಗುಬ್ಬಿಯ ಮೇಲೆ ಅಚ್ಚಾದ ಗಜಗಳನ್ನು ನಂಬುವುದಿಲ್ಲ. 56 ಮಿ.ಮೀ. ಮುಂಗಾಜಿನ ಸ್ಕೋಪಿನಲ್ಲಿ ಗುಬ್ಬಿ 100 ಗಜಕ್ಕಿದ್ದು ಗುರಿ 1000 ಗಜಕ್ಕಿದ್ದರೆ, ಕಣ್ಣು ಪೂರ್ತಿ ಅಂಚಿಗೆ ಸರಿದಾಗ ತಪ್ಪು 28 × 9 (ಮುಂಗಾಜಿನ ಅರ್ಧ ಅಗಲ, ಗುಣಿಸು 900 ಗಜದ ವ್ಯತ್ಯಾಸ ಭಾಗಿಸು 100 ಗಜ), ಅಂದರೆ 252 ಮಿ.ಮೀ. 10 ಇಂಚು! ಒಳ್ಳೆಯ ಸ್ಕೋಪಿನಲ್ಲಿ ಚಿತ್ರ ಅತಿ ಸ್ಪಷ್ಟವಾಗುವ ಜಾಗವೂ ಈಜು ನಿಲ್ಲುವ ಜಾಗವೂ ಒಂದೇ. ಎರಡೂ ಬೇರೆಯಾದರೆ ಕಣ್ಣುಗಾಜನ್ನು ಇನ್ನೊಮ್ಮೆ ಹೊಂದಿಸಿ. ಆಗಲೂ ಬೇರೆಯಾಗಿಯೇ ಇದ್ದರೆ ಆ ಸ್ಕೋಪ್ ಬೇಡ.

ಗಾಜಿನ ಗುಣವನ್ನು ಅಂಗಡಿಯಲ್ಲಿ ಟರೆಟ್ ನಡುಮಟ್ಟದಲ್ಲಿದ್ದಾಗ ನೋಡಿ ಮೆಚ್ಚುವುದು ಸುಲಭ. ನಾನು 36 ಎಂಒಎ ಏರಿಸಿಟ್ಟು ನೋಡುತ್ತೇನೆ, ಏಕೆಂದರೆ ಪಂದ್ಯದಲ್ಲಿ ನೋಡುವುದು ಹಾಗೆಯೇ. ಆಗ ಕಪ್ಪು ವೃತ್ತದ ಅಂಚಿಗೆ ನೇರಳೆ ಬಣ್ಣದ ಗೆರೆ ಕಟ್ಟುತ್ತದೆಯೇ, ವೃತ್ತದ ಒಂದು ಬದಿ ಕರಗಿದಂತಾಗುತ್ತದೆಯೇ ಗಮನಿಸಬೇಕು. 20 ಎಂಒಎ ಇಳಿಜಾರಿನ ರೈಲು ಹಾಕುವುದು ಇದಕ್ಕೂ ಒಳ್ಳೆಯದು. ಒಟ್ಟು 65 ಎಂಒಎ ಓಟವಿರುವ ಸ್ಕೋಪಿಗೆ ಸಮತಟ್ಟು ರೈಲಿನಲ್ಲಿ ಮೇಲಕ್ಕೆ ಸಿಗುವುದು ಸುಮಾರು 32, ಅಂದರೆ 1000 ಗಜ ಮುಟ್ಟುವುದೇ ಇಲ್ಲ. ಇಳಿಜಾರು ರೈಲಿನಲ್ಲಿ 52 ಸಿಗುತ್ತದೆ, ಅಂಚಿಗೆ ತಾಗದೆ ಉಳಿಯಬಹುದು. ಕೊಳವೆ ದುಂಡಗಿರುವುದರಿಂದ ಎತ್ತರದ ಅಂಚಿನಲ್ಲಿ ಗಾಳಿ ಟರೆಟ್‌ನ ಓಟವೂ ಕುಗ್ಗುತ್ತದೆ. ಅದಕ್ಕೇ 36ರಲ್ಲಿಟ್ಟು ಎಡಬಲಕ್ಕೆ 10 ಎಂಒಎ ತಿರುಗುತ್ತದೆಯೇ ಎಂದೂ ನೋಡಿಕೊಳ್ಳುತ್ತೇನೆ.

ದೊಡ್ಡ ಅಂಕಿಯ ಝೂಮ್‌ಗೆ ಮರುಳಾಗುವುದು ಬೇಡ. 56 ಮಿ.ಮೀ. ಗಾಜಿನಲ್ಲಿ 25 ಪಟ್ಟಿಗೆ ಕಣ್ಣಿಗೆ ಬರುವ ಬೆಳಕಿನ ಕಂಬ 2.2 ಮಿ.ಮೀ., 40 ಪಟ್ಟಿಗೆ 1.4. ಕಂಬ ಕಿರಿದಾದಷ್ಟೂ ಚಿತ್ರ ಮಬ್ಬು. ಮಧ್ಯಾಹ್ನ ಬಿಸಿಲ್ಗುದುರೆ ಎದ್ದಾಗ 40ರಲ್ಲಿ ಗುರಿ ಕುದಿಯುವ ಸಾರಿನಂತೆ ಕಾಣುತ್ತದೆ. 25-30ಕ್ಕೆ ಇಳಿಸಿದರೆ ವೃತ್ತ ಮತ್ತೆ ರೂಪ ತಾಳುತ್ತದೆ. ಎರಡು ಸ್ಕೋಪ್ ಹೋಲಿಸುವುದಾದರೆ ಅಕ್ಕಪಕ್ಕ ಇಟ್ಟು, ಒಂದೇ ಗಳಿಗೆಯಲ್ಲಿ, ಒಂದೇ ವರ್ಧನೆಯಲ್ಲಿ.

ಗುಂಡು ಹಾರಿಸುವುದು ಇಷ್ಟೆಲ್ಲ ಆದ ಮೇಲೆ. ಒಂದು ಗುಂಡು, 40ಕ್ಕೆ ತಿರುಗಿಸಿ ವಾಪಸ್, ಇನ್ನೊಂದು ಗುಂಡು, ಹೀಗೆ 10. ಬಂದ ಗುಂಪು ಟರೆಟ್ ಮುಟ್ಟದೆ ಹೊಡೆದ 10 ಗುಂಡಿನ ಗುಂಪಿನಷ್ಟೇ ಇರಬೇಕು. 100 ಗುಂಡು ಮುಗಿದಾಗ ಸ್ಕೋಪನ್ನು ಮತ್ತೆ ಕಬ್ಬಿಣದ ದಿಮ್ಮಿಗೆ ಬಿಗಿದು, ಅದೇ ಹಲಗೆಯ ಮುಂದೆ 10 ಸಲದ ಪರೀಕ್ಷೆ ಪುನಃ ಮಾಡುತ್ತೇನೆ. ಸ್ಪ್ರಿಂಗ್ ಸೋಲುವುದು ಗುಂಡಿನ ಒದೆತ ತಿಂದ ಮೇಲೆಯೇ. ಎರಡೂ ಸಲದ ಅಳತೆಗಳನ್ನು ಚೀಟಿಯಲ್ಲಿ ಬರೆದು ಸ್ಕೋಪಿನ ಮುಚ್ಚಳದ ಒಳಗೆ ಅಂಟಿಸಿಟ್ಟಿದ್ದೇನೆ.